ಹಳೇ ತಳ ಮುಟ್ಟುವವರೆಗೆ

ದೇವಲಾಪುರ
ಭಾನುವಾರ, 10 ಮಾರ್ಚ್ 1996

ಶ್ರೀ ನಿಂಗರಾಜು ಅವರಿಗೆ,

‘ಪ್ರೀತಿಯ’ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಹನ್ನೊಂದು ವರ್ಷ ಹೆಂಡತಿಯಾಗಿದ್ದವಳು ಬ್ಯಾಂಕಿನವರ ಹಾಗೆ ಶ್ರೀ ಹಾಕಿ ಬರೆದಿದ್ದಾಳಲ್ಲ ಎಂದು ನಿಮ್ಮ ಹುಬ್ಬು ಮೇಲೇರಿರಬೇಕು. ಏರಲಿ. ನಾನು ಕ್ಷೇಮ, ಅಮ್ಮ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸು ಸದ್ಯಕ್ಕೆ ನನಗಿಲ್ಲ.

ನೀವು ಕಳಿಸಿದ ಕರಡಚ್ಚು ಶುಕ್ರವಾರ ಪಾಂಡವಪುರದ ಕಾಲೇಜಿಗೆ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಒಡೆದೆ. ಮುಖಪುಟದಲ್ಲಿ ನನ್ನ ಹೆಸರು ಮೊದಲು, ನಿಮ್ಮದು ಆಮೇಲೆ. ಅದನ್ನು ಕಂಡು ಅಲ್ಲಿದ್ದವರೆಲ್ಲ ಮೇಡಂ ಪುಸ್ತಕ ಬಂತು, ಸ್ವೀಟು ಕೊಡಿಸಿ ಎಂದು ಗಂಟುಬಿದ್ದರು. ಕೊಡಿಸಿಯೂ ಬಿಟ್ಟೆ. ಮಾರನೇ ದಿನ ನಾಗಮಂಗಲದ ಬಸ್ಸಿನಲ್ಲಿ ಕೂತು ಕೊನೆಯ ಅಧ್ಯಾಯ ಓದಿದ ಮೇಲೆ ಕರಡಚ್ಚನ್ನು ಮಡಿಚಿ ಚೀಲಕ್ಕೆ ತುರುಕಿದೆ. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ, ಯಾಕವ್ವ, ಯಾರಾರ ಓಗ್ಬುಟ್ರಾ ಎಂದು ಕೇಳಿದಳು. ಹೂಂ ಎಂದೆ.

ನಾಲ್ಕು ವರ್ಷ ನಾನು ಮಾಡಿದ ಕೆಲಸ ಏನೆಂದು ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ನಮ್ಮ ನೌಕಾಪಡೆಯೂ ನೆರೆ ದೇಶದ ನೌಕಾಪಡೆಯೂ ಒಂದನ್ನೊಂದು ನೋಡಿಕೊಂಡು ಹೇಗೆ ಬೆಳೆಯುತ್ತವೆ ಎಂದು ಹುಡುಕಿದ್ದು. ಅವರ ಬಂದರಿನಲ್ಲಿ ಒಂದು ಹಡಗು ಹೆಚ್ಚಾಗಿ ನಿಂತರೆ ನಮ್ಮವರು ಎರಡು ಕೇಳುತ್ತಾರೆ. ನಾವು ಎರಡು ಕೇಳಿದ್ದು ಕಂಡು ಅವರು ಸಬ್‌ಮರೀನು ಕೇಳುತ್ತಾರೆ. ಇಬ್ಬರಿಗೂ ಇರುವುದು ಭಯ, ಇಬ್ಬರೂ ಅದನ್ನು ತಂತ್ರ ಎಂದು ಕರೆಯುತ್ತಾರೆ. ಬಂದರಿನಲ್ಲಿ ನಿಂತ ಹಡಗೆಲ್ಲ ಯುದ್ಧಕ್ಕೆ ನಿಂತದ್ದಲ್ಲ, ಕೆಲವು ರಿಪೇರಿಗೆ ನಿಂತಿರುತ್ತವೆ, ಆದ್ದರಿಂದ ಎಣಿಸುವ ಮುಂಚೆ ವಿಚಾರಿಸುವ ಒಂದು ದಾರಿಯನ್ನು ಎರಡೂ ಕಡೆಯವರು ಮಾಡಿಕೊಳ್ಳಲಿ, ಯಾವ ಹಡಗು ಯಾವಾಗ ರಿಪೇರಿಗೆ ಹೋಗುತ್ತದೆ ಎಂದು ಪರಸ್ಪರ ತಿಳಿಸಲಿ ಎಂದು ನಾನು ಬರೆದಿದ್ದೆ. ಇಡೀ ಪುಸ್ತಕ ನಿಂತಿರುವುದು ಆ ಮಾತಿನ ಮೇಲೆ.

ನೀವು ಅದನ್ನು ಕಿತ್ತು ಹಾಕಿದ್ದೀರಿ. ಆ ಜಾಗದಲ್ಲಿ, ನೆರೆಯವರು ಮುಂದೆ ಹೋಗುವ ಮುಂಚೆ ನಾವು ಹೋಗಬೇಕು, ಇನ್ನಷ್ಟು ಹಡಗು ಇಳಿಸಬೇಕು ಎಂದು ಬರೆದು, ಕೆಳಗೆ ನನ್ನ ಹೆಸರು ಬಿಟ್ಟಿದ್ದೀರಿ. ನನ್ನ ನಾಲ್ಕು ವರ್ಷದ ಕಾಗದಗಳೆಲ್ಲ ನಿಮ್ಮ ಮಾತಿಗೆ ಸಾಕ್ಷಿ ಹೇಳುತ್ತಾ ನಿಂತಿವೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರೆ, ನಿಮ್ಮದು ಯಾರದೋ ಬುದ್ಧಿ, ನಿಮ್ಮ ಜಾತ್ರೆ. ಇಪ್ಪತ್ತನೇ ತಾರೀಕಿನೊಳಗೆ ಸಹಿ ಹಾಕಿ ಕಳಿಸು, ರಕ್ಷಣಾ ಇಲಾಖೆಯ ಸಮಿತಿ ಕಾಯುತ್ತಿದೆ ಎಂದು ಚೀಟಿ ಬೇರೆ. ಮೊದಲ ಕರಡಿನಲ್ಲಿ ಆ ಪ್ಯಾರಾದ ಪಕ್ಕ ನೀವು ಪೆನ್ಸಿಲ್ಲಿನಲ್ಲಿ ಬರೆದದ್ದು ನನಗೆ ಮರೆತಿಲ್ಲ. ‘ಚೆನ್ನಾಗಿದೆ, ಆದರೆ ಬೇಡ.’ ನಮ್ಮ ಸಂಸಾರಕ್ಕೂ ನೀವು ಅದನ್ನೇ ಬರೆದದ್ದಲ್ಲವೇ?

ಬಾವಿಯ ಕಥೆಯನ್ನೂ ತೆಗೆದಿದ್ದೀರಿ. ಅದು ಹೋದದ್ದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು.

ಅದು ನಮ್ಮ ಮನೆಯ ಕಥೆ. ಅಪ್ಪನ ಹೊಲ, ಚಿಕ್ಕಪ್ಪನ ಹೊಲ ಅಕ್ಕಪಕ್ಕ, ನಡುವೆ ಹೊಂಗೆಯ ಸಾಲು. ಇಬ್ಬರಿಗೂ ಒಂದೊಂದು ಬೋರ್‌ವೆಲ್. ನಿಮ್ಮದು ಬೂಕನಕೆರೆ, ಕನ್ನಂಬಾಡಿ ಕಟ್ಟೆಯ ಹಿನ್ನೀರು ಕಣ್ಣಿಗೆ ಕಾಣುವ ಸೀಮೆ. ಬೋರಿನ ಲಾರಿ ಪಕ್ಕದ ಹೊಲಕ್ಕೆ ಬಂದರೆ ನಮ್ಮ ಊರಿನವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಇಲ್ಲಿ ಯಾರೂ ಪಕ್ಕದವನ ಹೊಲಕ್ಕೆ ಹೋಗಿ ಎಷ್ಟು ಆಳಕ್ಕೆ ಕೊರೆಸಿದೆ ಎಂದು ಕೇಳುವುದಿಲ್ಲ. ಕೇಳಿದರೆ ಮರ್ಯಾದೆ ಹೋಯಿತು. ತಮ್ಮ ಜಗಲಿಯ ಮೇಲೆ ಕೂತು ಸದ್ದು ಆಲಿಸುತ್ತಾರೆ. ಒಂದು ರಾಡು ಇಳಿದ ಮೇಲೆ ಇನ್ನೊಂದು ರಾಡು ಜೋಡಿಸಲು ಯಂತ್ರ ಒಂದು ಗಳಿಗೆ ನಿಲ್ಲುತ್ತದೆ. ಪ್ರತಿ ಸಲ ಸದ್ದು ನಿಂತಾಗ ನಮ್ಮಮ್ಮ ಅಣ್ಣಮ್ಮ ಮಡಿಲಿನಿಂದ ಒಂದು ಹುಣಸೆಬೀಜ ತೆಗೆದು ಪಕ್ಕಕ್ಕೆ ಇಡುತ್ತಿದ್ದಳು. ಆ ಬೀಜಗಳನ್ನು ಎಣಿಸಿ ಅಪ್ಪ ತನ್ನ ಬಾವಿಗೆ ಒಂದು ರಾಡು ಹೆಚ್ಚು ಇಳಿಸುತ್ತಿದ್ದ. ಆ ಕಡೆ ಚಿಕ್ಕಮ್ಮನೂ ಜಗಲಿಯ ಮೇಲೆ ಕೂತಿರುತ್ತಿದ್ದಳು.

ಇದೆಲ್ಲ ಶುರುವಾದದ್ದು ಹೇಗೆಂದು ನನಗೆ ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ. ತಿಥಿಯ ದಿನ ಚಿಕ್ಕಪ್ಪ ಚಲುವಯ್ಯ ಹಿತ್ತಲ ಕಲ್ಲಿನ ಮೇಲೆ ಕೂತು ಅಳುತ್ತಾ ಹೇಳಿದ. ಮೊದಲ ಸಲ ಅವನು ಲಾರಿ ಕರೆಸಿದ್ದು ಹೂಳು ತೆಗೆಸಲು, ಅಷ್ಟೆ. ಹೂಳು ತೆಗೆಯಬೇಕಾದರೂ ರಾಡು ಇಳಿಸಲೇಬೇಕು. ಹಳೇ ತಳ ಮುಟ್ಟುವವರೆಗೆ ಹೂಳು ತೆಗೆದರೂ, ಇನ್ನೂ ಆಳಕ್ಕೆ ಕೊರೆದರೂ ಸದ್ದು ಒಂದೇ. ಅಪ್ಪ ಆ ಸದ್ದು ಕೇಳಿ ಕಾಯಲಿಲ್ಲ, ಬೇರೆ ಲಾರಿ ತರಿಸಿ ನಿಜವಾಗಿಯೂ ಆಳಕ್ಕೆ ಕೊರೆಸಿದ. ಚಿಕ್ಕಪ್ಪನ ನೀರು ಹೋಯಿತು. ಆಮೇಲೆ ಅವನೂ ನಿಜವಾಗಿಯೇ ಕೊರೆಸಿದ. ನಮ್ಮಣ್ಣ ಒಂದ್ ಮಾತು ಕೇಳ್ಬುಟ್ಟಿದ್ರೆ ಆಗೋಗದು ಕಣವ್ವ, ಒಂದೇ ಒಂದ್ ಮಾತು ಎಂದ. ಆ ಮಾತೇ ನನ್ನ ಪುಸ್ತಕ. ದೆಹಲಿಯ ಯಾವ ಲೈಬ್ರರಿಯಲ್ಲೂ ಅದು ನನಗೆ ಸಿಕ್ಕಿರಲಿಲ್ಲ.

ನೀವು ಅದನ್ನು ಏನು ಮಾಡಿದಿರಿ? ನಿಮ್ಮ ಹಳೆಯ ಸಾಹೇಬರುಗಳನ್ನು ಊಟಕ್ಕೆ ಕರೆದ ದಿನ, ನಾನು ಅಡುಗೆಮನೆಯಲ್ಲಿ ಬಡಿಸುವುದಕ್ಕೆ ಅಣಿ ಮಾಡುತ್ತಿದ್ದಾಗ, ನಮ್ಮತ್ತೆಯಂಥ ಸೋನಾರ್ ಆಪರೇಟರು ನೌಕಾಪಡೆಯಲ್ಲೇ ಇಲ್ಲ, ಹುಣಸೆಬೀಜದಲ್ಲಿ ಶತ್ರುವಿನ ಆಳ ಅಳೆಯುತ್ತಾರೆ ಎಂದು ಹೇಳಿ ಎಲ್ಲರನ್ನೂ ನಗಿಸಿದಿರಿ. ನೀರೊಳಗಿನ ಹಡಗನ್ನು ಸದ್ದಿನಿಂದ ಪತ್ತೆಹಚ್ಚುವ ಕೆಲಸದಲ್ಲಿ ಹದಿನೈದು ವರ್ಷ ಇದ್ದವರು ನೀವು. ನಿಮಗೆ ನಗು ಬಂತು. ನನಗೆ ಆ ಕ್ಷಣದಲ್ಲಿ ನಿಮ್ಮ ಮೇಲಿದ್ದದ್ದು ಏನೋ ಒಂದು ಹೋಯಿತು, ಇವತ್ತಿಗೂ ವಾಪಸು ಬಂದಿಲ್ಲ.

ಡಿಸೆಂಬರಿನಲ್ಲಿ ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ನೀವು ಆಡಿದ ಮಾತನ್ನೂ ಮರೆತಿಲ್ಲ. ನನ್ನನ್ನು ವಾಪಸು ಕರೆದುಕೊಂಡು ಹೋಗಲು ಬಂದವರು, ರೈಲು ಬರುವ ಹೊತ್ತಿಗೆ ಜಗಳಕ್ಕೆ ನಿಂತಿರಿ. ನಿಮಗೆ ಸಿಟ್ಟು ಬಂದರೆ ದೆಹಲಿಯ ಕನ್ನಡ ಉದುರಿ ಬೂಕನಕೆರೆಯದೇ ಬರುತ್ತದೆ. ಲೈಬ್ರರೀಲ್ ಕೂತ್ಕಂಡು ಶಾಂತಿ ಬರೆಯಾಕೆ ಯಾರ್ ಬೇಕಾದ್ರೂ ಬರೀತಾರೆ ಕಣೇ, ನಿನ್ ಮನೆ ಪಕ್ಕುಕ್ಕೆ ಲಾರಿ ಬಂದ್ ನಿಂತ್ಕಂಡ ದಿಸ ಹೇಳು ಎಂದಿರಿ. ಚಹಾ ಮಾರುವವನು ಕೆಟಲು ಹಿಡಿದುಕೊಂಡು ನಿಂತೇ ಇದ್ದ. ಉತ್ತರ ಈಗ ಕೊಡುತ್ತಿದ್ದೇನೆ. ಲಾರಿ ಬಂದು ನಿಂತರೆ ನಾನು ನನ್ನ ಅಪ್ಪ ಮಾಡಿದ್ದನ್ನು ಮಾಡುವುದಿಲ್ಲ. ಎದ್ದು ಹೋಗಿ ಕೇಳುತ್ತೇನೆ. ಕೇಳಿದರೆ ಹೋಗುವ ಮರ್ಯಾದೆ ನನ್ನ ಹತ್ತಿರ ಉಳಿದಿಲ್ಲ, ಅದನ್ನು ನೀವು ಊಟದ ಟೇಬಲ್ಲಿನ ಮೇಲೆ ಹಂಚಿಯಾಗಿದೆ.

ಅಮ್ಮನಿಗೂ ಇದನ್ನೇ ಹೇಳುತ್ತಿದ್ದೇನೆ. ಅವಳಿಗೆ ಈ ಬೇಸಿಗೆಯಲ್ಲಿ ನಮ್ಮ ಬೋರನ್ನು ಇನ್ನೂ ಇಳಿಸಬೇಕಂತೆ. ಚಿಕ್ಕಪ್ಪ ಹಾಸಿಗೆ ಹಿಡಿದಿದ್ದಾನೆ, ಈಗ ಹೊಲ ನೋಡಿಕೊಳ್ಳುವುದು ಅವನ ಮಗ ಅಪ್ಪು. ಅಪ್ಪು ಅವ್ರಪ್ಪನ್ಗಿಂತ ಜೋರಾಗವ್ನೆ, ನೀನ್ ಸುಮ್ನೆ ಕೂತ್ಕ ಎನ್ನುತ್ತಾಳೆ. ಆಗುವುದಿಲ್ಲ ಎಂದೆ. ಎರಡು ಮನೆಯವರೂ ಸೇರಿ ಇರುವ ನೀರನ್ನು ದಿನ ಬಿಟ್ಟು ದಿನ ಹರಿಸಿಕೊಳ್ಳೋಣ, ಯುಗಾದಿ ಕಳೆಯಲಿ, ನಾನೇ ಹೋಗಿ ಅಪ್ಪುವಿನ ಹತ್ತಿರ ಮಾತಾಡುತ್ತೇನೆ ಎಂದಿದ್ದೇನೆ. ಅಮ್ಮ ಮುಖ ತಿರುಗಿಸಿಕೊಂಡು ಕೊಟ್ಟಿಗೆಗೆ ಹೋದಳು.

ಈಗ ವ್ಯವಹಾರದ ಮಾತು. ನನ್ನ ಪ್ಯಾರಾ, ಬಾವಿಯ ಕಥೆಯ ಸಮೇತ, ಇದ್ದ ಜಾಗಕ್ಕೆ ವಾಪಸು ಬರಬೇಕು. ಅದಾಗದಿದ್ದರೆ ನನ್ನ ಹೆಸರು ತೆಗೆಯಿರಿ. ಎರಡೂ ಆಗದೆ ಪುಸ್ತಕ ಅಚ್ಚಾದರೆ ನಿಮ್ಮ ಸಂಸ್ಥೆಯ ನಿರ್ದೇಶಕರಿಗೂ ಆ ಸಮಿತಿಗೂ ಪತ್ರಿಕೆಗಳಿಗೂ ಬರೆಯುತ್ತೇನೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಇಷ್ಟು ದಿನ ಸುಮ್ಮನಿದ್ದೆ. ಇನ್ನು ಕೋಲು ಮುರಿದರೂ ಚಿಂತೆಯಿಲ್ಲ. ನನ್ನ ಹತ್ತಿರ ಬೇರೆ ಆಸ್ತಿಯಿಲ್ಲ, ಮಕ್ಕಳಿಲ್ಲ. ಇರುವುದು ಆ ಹೆಸರು ಮತ್ತು ಅದರ ಕೆಳಗೆ ನಾನು ಬರೆದದ್ದು ನಿಜ ಎಂಬ ಒಂದು ನಂಬಿಕೆ. ಅದಕ್ಕೆ ಕೈಹಾಕಿದ್ದೀರಿ.

ದೆಹಲಿಗೆ ಬರುವುದಿಲ್ಲ. ನನ್ನ ಸೀರೆಗಳನ್ನು ಯಾರಿಗಾದರೂ ಕೊಟ್ಟುಬಿಡಿ. ಪುಸ್ತಕ ಮಾತ್ರ ಕೊಡಬೇಡಿ.

ನಿಮ್ಮ ಸಹಿಗೆ ಕಾಯದೆ ತನ್ನ ಸಹಿ ತಾನೇ ಹಾಕಿಕೊಳ್ಳುವ,
ಅನು

ಮಂಗಳವಾರ, ಅಂಚೆಗೆ ಹಾಕುವ ಮುಂಚೆ:

ಇದನ್ನು ನಿನ್ನೆ ನಾಗಮಂಗಲದಲ್ಲಿ ಹಾಕಬೇಕಿತ್ತು. ಆಗಲಿಲ್ಲ. ನಿನ್ನೆ ಬೆಳಿಗ್ಗೆ ಹೊಂಗೆಸಾಲಿನ ಆ ಕಡೆ ಅಪ್ಪುವಿನ ಹೊಲಕ್ಕೆ ಲಾರಿ ಬಂತು. ಸದ್ದು ಶುರುವಾಯಿತು. ಅಮ್ಮ ಮಡಿಲಿಗೆ ಬೀಜ ತುಂಬಿಕೊಂಡು ಜಗಲಿಯ ಮೇಲೆ ಕೂತಳು. ಹೊಂಗೆಸಾಲು ದಾಟಿ ಹೋಗಿ ಕೇಳುವುದಕ್ಕೆ ನನಗೆ ಚಪ್ಪಲಿ ಕೂಡ ಬೇಕಿರಲಿಲ್ಲ. ಎರಡು ಸಲ ಎದ್ದೆ. ಸದ್ದು ನಿಂತಿತು, ಬೀಜ ಇಟ್ಟಳು. ಮತ್ತೆ ನಿಂತಿತು, ಮತ್ತೆ ಇಟ್ಟಳು. ಇಳುಸ್ತಾವ್ರೆ ಕಣವ್ವ, ನೀನ್ ಡೆಲ್ಲೀಲಿ ಏನ್ ಓದ್ದೋ ಏನೋ, ನಾಳಿಕ್ಕೆ ನಮ್ ನೀರು ಅವರ್ ತೊಟ್ಟಿಗ್ ಓಯ್ತದೆ ಎಂದಳು. ನನಗೆ ಏನಾಯಿತು ಎಂದು ಹೇಳಲಾರೆ. ಎದೆ ಹೊಡೆದುಕೊಳ್ಳುತ್ತಿತ್ತು. ಚಿಕ್ಕಪ್ಪನ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳು, ಬಂತು. ಬಂದರೂ, ಕೇಳಲು ಹೋಗಿ ಅವನು ಸುಳ್ಳು ಹೇಳಿದರೆ ಎಂದುಕೊಂಡೆ. ಹಳೇ ತಳ ಮುಟ್ಟುವವರೆಗೂ ಕಾಯಲಿಲ್ಲ. ನಾನೇ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ನಾಗಮಂಗಲದ ಬೋರ್ ಲಾರಿ ಏಜೆಂಟನಿಗೆ ಫೋನು ಮಾಡಿದೆ. ಸಂಜೆಗೆ ನಮ್ಮ ಹೊಲದಲ್ಲೂ ಲಾರಿ ನಿಂತಿತು. ಅಪ್ಪನಿಗಿಂತ ಆಳಕ್ಕೆ ಇಳಿಸಿದೆ.

ಇವತ್ತು ಬೆಳಿಗ್ಗೆ ಅಪ್ಪು ಬಂದು ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ನಾವೆಲ್ಲಿ ಆಳುಕ್ಕಿಳುಸುದ್ವಕ್ಕ, ಬೋರ್‌ನಾಗೆ ಮಣ್ ಕುಸ್ದು ಮೋಟ್ರು ಇಡ್ಕಂಡಿತ್ತು, ಕಿಲೀನ್ ಮಾಡ್ಸುದ್ವಿ ಅಷ್ಟೆಯ, ನಿಮ್ದೂ ಅದೇ ಲಾರೀಲೆ ಮಾಡ್ಸುವಾ ಅಂತ ಕೇಳಾಕೆ ಬರೋನಿದ್ದೆ, ಅಷ್ಟೊತ್ಗೆ ನಿಮ್ ಕಡೆ ಸದ್ದಾಯ್ತು ಎಂದ. ನನ್ನನ್ನೇ ನೋಡುತ್ತಾ, ನಮ್ದ್ರಾಗೆ ಈಗ ಬರೀ ಗಾಳಿ ಬತ್ತಾ ಅದೆ ಎಂದು ಹೇಳಿ ಹೋದ.

ನಗಿ. ಸಾಹೇಬರುಗಳನ್ನು ಮತ್ತೆ ಊಟಕ್ಕೆ ಕರೆದು ಹೇಳಿ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಅವರಿಗೆ ಅನುವಾದ ಮಾಡಿ ತಿಳಿಸಿ. ನೀವು ಸ್ಟೇಷನ್ನಿನಲ್ಲಿ ಹೇಳಿದ್ದು ನನ್ನ ವಿಷಯಕ್ಕೆ ನಿಜವಾಯಿತು, ಅದಕ್ಕಾಗಿ ನಿಮ್ಮನ್ನು ಇನ್ನೂ ಹೆಚ್ಚು ದ್ವೇಷಿಸುತ್ತೇನೆ. ಆದರೆ ಪ್ಯಾರಾ ತೆಗೆಯಬೇಡಿ. ಅಪ್ಪನ ಹೆಸರು ಇದ್ದ ಕಡೆ ನನ್ನ ಹೆಸರು ಹಾಕಿ, ಇದ್ದ ಹಾಗೇ ಅಚ್ಚು ಮಾಡಿ. ಅದಕ್ಕೆ ಸಹಿ ಹಾಕುತ್ತೇನೆ.

ಈಗ ತಾನೇ ಹೊಂಗೆಸಾಲಿನ ಆಚೆ ಲಾರಿ ಮತ್ತೆ ಬಂತು. ಅಪ್ಪು ಈ ಸಲ ಕಿಲೀನ್ ಮಾಡಿಸುತ್ತಿಲ್ಲ. ಅಮ್ಮ ಜಗಲಿಯ ಮೇಲೆ ಕೂತಿದ್ದಾಳೆ, ಅವಳಿಗೆ ಈಗೀಗ ಬಲಗಿವಿ ಮಂದ. ಅದಕ್ಕೇ ಅವಳ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಸದ್ದು ನಿಂತಾಗಲೆಲ್ಲ ಅವಳ ಮೊಣಕೈ ತಟ್ಟಬೇಕು.