ಏಳುನೂರು ವಾಟಿನ ತೂಕ

ಮನೆಯ ಹಿಂದಿನ ವೈಂಡಿಂಗ್ ಕೋಣೆ
ಹತ್ತನೇ ತಾರೀಕು, ಭಾನುವಾರ ಮಧ್ಯಾಹ್ನ

ಕ್ರೇನಿನ ತುದಿಯಲ್ಲಿ ಕೂತಿರುವ ನಮ್ಮ ಮನೆಯವರಿಗೆ,

ಮೊದಲು ಮೊಣಕಾಲಿನ ವಿಷಯ ಹೇಳಿ. ಅಷ್ಟೆತ್ತರದ ಏಣಿಯನ್ನು ದಿನಕ್ಕೆರಡು ಸಲ ಹತ್ತಿಳಿಯುವ ಕಾಲು, ಅದನ್ನು ವಿಚಾರಿಸದೆ ಬೇರೆ ಮಾತಿಗೆ ಹೋಗುವುದು ಸರಿಯಲ್ಲ. ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಅದು ಇನ್ನೂ ಟ್ರಂಕಿನ ತಳದಲ್ಲಿ ನಿದ್ದೆ ಹೊಡೆಯುತ್ತಿದೆಯೋ? ನಾನಂತೂ ಗಟ್ಟಿಮುಟ್ಟಾಗಿದ್ದೇನೆ. ಈ ವಾರ ಮೂರು ನೀರಿನ ಮೋಟಾರು, ಒಂದು ಗಿರಣಿಯ ಮೋಟಾರು ವೈಂಡಿಂಗಿಗೆ ಬಂದಿದ್ದವು. ತಾಮ್ರದ ತಂತಿ ಎಳೆದು ಎಳೆದು ಬೆರಳಿಗೆಲ್ಲ ಗೆರೆ ಬಿದ್ದಿದೆ, ಅದಕ್ಕೇ ಅಕ್ಷರ ಸೊಟ್ಟಗಿದೆ, ಆಡಿಕೊಳ್ಳಬೇಡಿ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ, ಗೊತ್ತು. ಫೋನಿನಲ್ಲಾದರೆ ನೀವು ಅರ್ಧಕ್ಕೇ ಬಾಯಿ ಹಾಕುತ್ತೀರಿ. ಕಾಗದವನ್ನು ಕೊನೆಯವರೆಗೂ ಓದಲೇಬೇಕು.

ವಿಷಯ ಮಗಳ ಕಂಪ್ಯೂಟರಿನದು. ಆಗಲೇ ನಿಮ್ಮ ಹುಬ್ಬು ಮೇಲೇರಿರುತ್ತದೆ, ಇಳಿಸಿ. ಮೂರು ತಿಂಗಳ ಹಿಂದಿನ ಆ ಶನಿವಾರ ನಿಮಗೂ ಮರೆತಿರಲಿಕ್ಕಿಲ್ಲ. ಅವಳ ಐದು ಜನರ ತಂಡ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿತ್ತು. ಆಟದ ಮಧ್ಯದಲ್ಲಿ ಕಂಪ್ಯೂಟರ್ ಟಪ್ಪೆಂದು ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ತಂಡ ಸೋತಿತು. ಸೋತ ಮಗಳ ತಲೆ ಸವರುವುದು ಬಿಟ್ಟು ನೀವು, ನಿಮ್ಮ ತಂಗಿಯ ಎದುರಿಗೆ, "ಹಗಲೂ ರಾತ್ರಿ ಆಡಿ ಆಡಿ ಸುಟ್ಟು ಹಾಕಿದೆ, ಇನ್ನು ಇದನ್ನ ಮುಟ್ಟಿದ್ರೆ ನೋಡು" ಎಂದು ಕೂಗಿ, ಅದನ್ನು ಅಟ್ಟಕ್ಕೇರಿಸಿ, ಮಾರನೆಯ ದಿನ ಕೆಲಸಕ್ಕೆ ಹೊರಟುಹೋದಿರಿ. ಅಂದಿನಿಂದ ಅವಳು ನಿಮ್ಮ ಹತ್ತಿರ ಮಾತಾಡಿಲ್ಲ. ನೀವು ಪ್ರತಿ ವಾರ ಫೋನು ಮಾಡಿ, ನಡುವೆ ಎಲ್ಲೋ ಸಣ್ಣ ದನಿಯಲ್ಲಿ "ಮರಿ ಇದಾಳಾ?" ಎನ್ನುತ್ತೀರಿ. ನಾನು ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತೇನೆ. ಇಷ್ಟು ಸ್ನಾನ ಯಾರೂ ಮಾಡುವುದಿಲ್ಲ ರೀ. ಅವಳು ನನ್ನ ಪಕ್ಕದಲ್ಲೇ ನಿಂತಿರುತ್ತಾಳೆ, ಜಪ್ಪಯ್ಯ ಅಂದರೂ ಫೋನು ಮುಟ್ಟುವುದಿಲ್ಲ. ನಿಮ್ಮಿಬ್ಬರ ಮಧ್ಯೆ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿದೆ.

ಅದಕ್ಕೇ ಹೋದ ತಿಂಗಳು ಅಟ್ಟ ಹತ್ತಿ ಅದನ್ನು ಇಳಿಸಿಕೊಂಡೆ. ಕಂಪ್ಯೂಟರ್ ನನಗೆ ಗೊತ್ತಿಲ್ಲ, ಒಪ್ಪಿದೆ. ಆದರೆ ಸುಟ್ಟಿದ್ದು ಯಾವುದು, ಶಕ್ತಿ ಸಾಲದೆ ನಿಂತಿದ್ದು ಯಾವುದು ಎಂದು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಸುಟ್ಟಿದ್ದಕ್ಕೆ ವಾಸನೆ ಇರುತ್ತದೆ, ಇದಕ್ಕೆ ಇರಲಿಲ್ಲ. ಸುಮ್ಮನೆ ಹಚ್ಚಿಟ್ಟರೆ ದಿನವಿಡೀ ಓಡುತ್ತಿತ್ತು, ಆಟ ಜೋರಾದಾಗ ಮಾತ್ರ ಆರುತ್ತಿತ್ತು. ಅಂದರೆ ಕೇಳಿದಷ್ಟು ಕರೆಂಟು ಸಿಗುತ್ತಿಲ್ಲ. ಗೋಡೆಯ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸಿ ಒಳಗೆಲ್ಲ ಹಂಚುವ ಒಂದು ಡಬ್ಬಿ ಇರುತ್ತದಲ್ಲ, ಪವರ್ ಸಪ್ಲೈ, ಹೋದ ವರ್ಷ ನೀವೇ ತಂದುಕೊಟ್ಟಿದ್ದು, ಅದನ್ನು ಹೊರಕ್ಕೆ ತೆಗೆದೆ. ಮೇಲೆ ದಪ್ಪಕ್ಷರದಲ್ಲಿ ಏಳುನೂರು ವಾಟ್ ಎಂದಿದೆ. ಪಕ್ಕದ ಚೀಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹನ್ನೆರಡು ವೋಲ್ಟಿಗೆ ಇಪ್ಪತ್ತೈದು ಆಂಪಿಯರ್ ಎಂದಿದೆ. ಗುಣಿಸಿ ನೋಡಿ. ಮುನ್ನೂರು! ಕಂಪ್ಯೂಟರಿಗೆ ಮುಖ್ಯವಾಗಿ ಬೇಕಾಗುವುದೇ ಆ ಹನ್ನೆರಡು ವೋಲ್ಟು. ಉಳಿದ ನಾನೂರು ಬರೀ ಹೆಸರಿಗೆ.

ಇಷ್ಟಕ್ಕೇ ಬಿಟ್ಟಿದ್ದರೆ ನಿಮ್ಮ ಮಾನ ಉಳಿಯುತ್ತಿತ್ತು. ನನಗೆ ಕುತೂಹಲ ತಡೆಯಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯುತ್ತದೆ, ಅದಕ್ಕೇ ಒಂದು ವಾರ ಮುಟ್ಟದೆ ಇಟ್ಟು, ರಬ್ಬರ್ ಗ್ಲೌಸ್ ತೊಟ್ಟು ಮುಚ್ಚಳ ಬಿಚ್ಚಿದೆ. ಒಳಗೆ ನನ್ನ ಹೆಬ್ಬೆರಳಿನಷ್ಟು ಟ್ರಾನ್ಸ್‌ಫಾರ್ಮರ್. ಅದರ ಪಕ್ಕದಲ್ಲಿ, ತಳಕ್ಕೆ ಎರಡು ಸ್ಕ್ರೂ ಹಾಕಿ ಬಿಗಿದ ಒಂದು ಸಿಮೆಂಟ್ ಗಟ್ಟಿ. ಹೌದು ರೀ, ಸಿಮೆಂಟು. ನಾನು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಂಗಡಿಯಲ್ಲಿ ಎರಡು ಡಬ್ಬಿ ಎರಡು ಕೈಯಲ್ಲಿ ಹಿಡಿದು, "ತೂಕ ನೋಡಿದ್ರೆ ಗೊತ್ತಾಗುತ್ತೆ, ಇದ್ರಲ್ಲಿ ಮಾಲಿದೆ" ಎಂದು ಆರಿಸಿದ್ದಾಗಿ ಎಷ್ಟು ಜಂಬ ಕೊಚ್ಚಿಕೊಂಡಿದ್ದಿರಿ! ದಿನವೂ ಟನ್ನುಗಟ್ಟಲೆ ಭಾರ ಎತ್ತುವ ಮನುಷ್ಯ, ತೂಕವನ್ನು ನಂಬದೆ ಇನ್ನೇನನ್ನು ನಂಬಬೇಕು? ಮೋಸ ಮಾಡಿದವನಿಗೂ ನಿಮ್ಮಂಥವರೇ ಬೇಕಿತ್ತು. ಅದರಲ್ಲಿ ನಿಮ್ಮ ತಪ್ಪಿಲ್ಲ. ಆಮೇಲೆ ಮಗಳ ಮೇಲೆ ಹಾಕಿದಿರಲ್ಲ, ಅದು ತಪ್ಪು.

ಹೊಸದನ್ನು ನಾನೇ ಆರಿಸಿದೆ. ಅಂಗಡಿಯವನು ನನ್ನ ಕೈಚೀಲ, ಚಪ್ಪಲಿ ನೋಡಿ, "ಸಾವಿರದ ಇನ್ನೂರು ವಾಟಿಂದು ತಗೊಳ್ಳಿ ಮೇಡಂ, ತಲೆನೋವೇ ಇರಲ್ಲ" ಎಂದ. ನನಗೆ ತಲೆನೋವಿಲ್ಲ, ಒಂದು ಪೆನ್ನು ಕೊಡಿ ಎಂದೆ. ಪ್ರೊಸೆಸರಿಗೆ ನೂರು ವಾಟು, ಕೊನೆಯ ಸುತ್ತಿಗೆಂದು ತಂಡದವರು ಅವಳಿಗೆ ಕೊಡಿಸಿದ, ಆಟದ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಇನ್ನೂರೈವತ್ತು, ಫ್ಯಾನು, ಡಿಸ್ಕು ಎಲ್ಲ ಸೇರಿ ಎಪ್ಪತ್ತು. ನಾನೂರ ಇಪ್ಪತ್ತಾಯಿತು. ಹಾಗಾದ್ರೆ ಐನೂರರದ್ದು ಸಾಕಲ್ಲ ಎಂದು ಅವನೇ ಕೆಳಗಿಳಿದ. ಸಾಲದು. ಮೋಟಾರು ಶುರುವಾಗುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತದಲ್ಲ, ಈ ಕಾರ್ಡಿಗೂ ಅಂಥದೇ ಚಾಳಿ. ಕಣ್ಣು ಮಿಟುಕಿಸುವುದರೊಳಗೆ ಎರಡರಷ್ಟು ಕೇಳಿಬಿಡುತ್ತದೆ. ಅದಕ್ಕೂ ಇನ್ನೂರೈವತ್ತು ಸೇರಿಸಿ, ಸ್ವಲ್ಪ ಕೈ ಸಡಿಲ ಬಿಟ್ಟು, ಏಳುನೂರ ಐವತ್ತಕ್ಕೆ ನಿಂತೆ. ನಾಲ್ಕು ಡಬ್ಬಿಗಳ ಚೀಟಿ ಓದಿಸಿದೆ. ಹನ್ನೆರಡು ವೋಲ್ಟಿಗೆ ಅರವತ್ತೆರಡು ಆಂಪಿಯರ್ ಎಂದು ಬರೆದು, ಹತ್ತು ವರ್ಷದ ಗ್ಯಾರಂಟಿ ಕೊಟ್ಟವನದ್ದನ್ನು ತಂದೆ. ಹೊರಡುವಾಗ ಅಂಗಡಿಯವನು, "ಮೇಡಂ, ನೀವು ಏನ್ ಕೆಲಸ ಮಾಡ್ತೀರ?" ಎಂದು ಕೇಳಿದ. ಆ ಸಂತೋಷ ನನಗೆ ಎರಡು ದಿನ ಬಂತು.

ಜೋಡಿಸಿದ್ದು ಮಗಳೇ. ಹಳೆಯ ಡಬ್ಬಿಯ ವೈರು ಹೊಸದಕ್ಕೆ ಹಾಕಬಾರದು, ಪಿನ್ನು ಕೂತರೂ ಒಳಗಿನ ದಾರಿ ಬೇರೆ ಇರುತ್ತದೆ ಎಂದು ನನಗೇ ಪಾಠ ಹೇಳಿದಳು. ನಿನ್ನೆ ಬೆಳಿಗ್ಗೆ ಐದು ಜನರೂ ಸೇರಿ ನಾಲ್ಕು ಗಂಟೆ ಆಡಿದರು. ಒಂದು ಸಲವೂ ಆರಲಿಲ್ಲ. ಡಬ್ಬಿಗೆ ಕೈ ಇಟ್ಟು ನೋಡಿದೆ, ಬೆಚ್ಚಗಿತ್ತು ಅಷ್ಟೆ. ನಾನು ಕಟ್ಟಿದ ಮೋಟಾರಿಗೆ ಕೊಡುವ ಭರವಸೆಯನ್ನು ಇದಕ್ಕೂ ಕೊಡುತ್ತೇನೆ.

ಕಂಪ್ಯೂಟರ್ ರಿಪೇರಿ ಆಯಿತು, ಮನೆ ಇನ್ನೂ ಆಗಿಲ್ಲ. ಅವಳು ಗೆದ್ದಾಗ ಒಂದು ಗಳಿಗೆ ಬಾಗಿಲ ಕಡೆ ತಿರುಗಿ ನೋಡಿದಳು. ಮೊದಲೆಲ್ಲ ಅವಳು ಆಡುವಾಗ ಅಲ್ಲಿ ನೀವು ನಿಲ್ಲುತ್ತಿದ್ದಿರಿ. ತಪ್ಪಾಯ್ತು ಎನ್ನಲು ನಿಮಗೆ ನಾಲಗೆ ಹೊರಳುವುದಿಲ್ಲ ಎಂದು ಮದುವೆಯಾದ ವರ್ಷವೇ ಗೊತ್ತಾಗಿದೆ. ಬರೆಯುವುದಕ್ಕೆ ನಾಲಗೆ ಬೇಡವಲ್ಲ. ಕಾಲು ಜೋಪಾನ. ಏಣಿ ಇಳಿಯುವಾಗ ಅವಸರ ಮಾಡಬೇಡಿ. ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ನಿಮ್ಮ ದಾರಿ ನೋಡುತ್ತಿರುವ,
ಮನೆಯವಳು

ಕೊನೆಗೆ ಸೇರಿಸಿದ್ದು: ಲಕೋಟೆ ಅಂಟಿಸುವ ಹೊತ್ತಿಗೆ ಮಗಳು ಬಂದಳು. ಆ ಸಿಮೆಂಟ್ ಗಟ್ಟಿ ತೋರಿಸಿದೆ. ಅವಳು ನಗಲೂ ಇಲ್ಲ, ಬೆರಗಾಗಲೂ ಇಲ್ಲ. ಯಾಕೆ ಎಂದು ಪೀಡಿಸಿದ ಮೇಲೆ ಬಾಯಿ ಬಿಟ್ಟಳು. ನೀವು ತಂದ ದಿನವೇ ಅವಳು ಚೀಟಿ ಓದಿದ್ದಳಂತೆ. ಒಂದು ವರ್ಷ ಆಟದ ಚಿತ್ರಗಳನ್ನೆಲ್ಲ ಮಂಕು ಮಾಡಿಕೊಂಡು, ಅದಕ್ಕೆ ಭಾರ ಬೀಳದ ಹಾಗೆ ಆಡಿದ್ದಳಂತೆ. ಹೊಸ ಕಾರ್ಡು ಹಾಕಲೇಬೇಕೆಂದು ತಂಡದವರು ಹಟ ಹಿಡಿದಾಗ ಎದೆ ಗಟ್ಟಿ ಮಾಡಿಕೊಂಡು ಹಾಕಿದ್ದಳು. ಬೇರೆ ಪವರ್ ಸಪ್ಲೈ ತರಬಹುದಿತ್ತಲ್ಲೇ ಎಂದೆ. "ಅಪ್ಪ ಎರಡು ಬಸ್ ಬದಲಾಯಿಸಿ, ಮಡಿಲಲ್ಲಿ ಇಟ್ಕೊಂಡು ತಂದಿದ್ರಮ್ಮ. ಬೇರೆ ತಂದ್ರೆ ಅದನ್ನ ಬಿಚ್ಚಬೇಕಲ್ಲ" ಎಂದಳು. ನೀವು ನಿಮ್ಮ ತಂಗಿಯ ಎದುರಿಗೆ ಕೂಗುವಾಗಲೂ ಇದು ಅವಳ ಬಾಯಲ್ಲೇ ಇತ್ತು, ಆಡಲಿಲ್ಲ. ನನಗೆ ಉತ್ತರ ಬರೆಯಬೇಡಿ. ಲಕೋಟೆಯ ಮೇಲೆ ಅವಳ ಹೆಸರಿರಲಿ.