ನಿಮ್ಮ ನಾಲ್ಕು ಕ್ಷಣದ ಮೌನ, ನನ್ನ ಗಂಡನ ಕತ್ತು

ಸಂಗೀತ ಸಾಫ್ಟ್‌ವೇರ್ ಕಂಪನಿಯ ಪರವಾನಗಿ ವಿಭಾಗದ ಮುಖ್ಯಸ್ಥರೇ,

ನಿಮ್ಮ ಉಚಿತ ಪ್ರಯೋಗ ಆವೃತ್ತಿ ನನ್ನ ಗಂಡನ ಕತ್ತಿನ ಮೂಳೆ ಮುರಿದಿದೆ. ಇದು ಅಲಂಕಾರದ ಮಾತಲ್ಲ. ಒಸಾಕಾದ ಆಸ್ಪತ್ರೆಯಲ್ಲಿ ಎಕ್ಸ್‌-ರೇ ಇದೆ, ಬಂದರೆ ತೋರಿಸುತ್ತೇನೆ.

ನನ್ನ ಗಂಡ ವಾಶಿಯೊ ಗೆಂಜಿ ಪ್ರದರ್ಶನ ಕುಸ್ತಿಯ ಪೈಲ್ವಾನರು. ಅವರ ಸಣ್ಣ ತಂಡದಲ್ಲಿ ಹಾಡು ಹಾಕಲು ಕೂರುವವಳು ನಾನು. "ಇನ್ನೊಂದ್ಸಲ ಬಿದ್ರೆ ಕೈಕಾಲು ಹೋಗುತ್ತೆ" ಎಂದು ವೈದ್ಯರು ಹೇಳಿದ ಮೇಲೆ ಅವರು ನಿವೃತ್ತಿಗೆ ಒಪ್ಪಿದರು. ಕೊನೆಯ ದಿನ ಕಾದಾಟವಿಲ್ಲ. ಅಖಾಡಕ್ಕೆ ನಡೆದು ಬಂದು, ವಿದಾಯದ ಗಂಟೆ ಕೇಳಿ, ತಲೆಬಾಗಿ ಮನೆಗೆ ಹೋಗುವುದಷ್ಟೇ. ಆ ನಡಿಗೆಗೊಂದು ಹೊಸ ಹಾಡು ಕಟ್ಟಲೆಂದು ನಾನು ನಿಮ್ಮ ಬಾಗಿಲಿಗೆ ಬಂದೆ.

ನಿಮ್ಮ ಜಾಲತಾಣ "ಸಕ್ರಿಯಗೊಂಡಿದೆ, ಅಭಿನಂದನೆಗಳು" ಎಂದಿತು. ಸಾಫ್ಟ್‌ವೇರ್ "ಸಕ್ರಿಯಗೊಂಡಿಲ್ಲ" ಎಂದಿತು. ಸಹಾಯವಾಣಿಗೆ ಬರೆದರೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ. ಮತ್ತೆ ಬರೆದರೆ ಅದೇ ಉತ್ತರ, ಈ ಸಲ ಕ್ಷಮೆಯಾಚನೆ ಸಮೇತ. ಕೀಬೋರ್ಡನ್ನು ಗೋಡೆಗೆ ಬಡಿದು ಹೋಳು ಮಾಡಿದೆ; ಪಕ್ಕದ ಮನೆಯದನ್ನು ಎರವಲು ತಂದು ಹಾಡು ಮುಗಿಸಿದೆ. ನಿಮ್ಮ ಸಾಫ್ಟ್‌ವೇರಿನೊಳಗೇ ನುಡಿಸಿದಾಗ ಸೊಗಸಾಗಿತ್ತು. ಹೊರತೆಗೆದ ಪ್ರತಿಯ ಆರಂಭವನ್ನೂ ಕೇಳಿದೆ, ಸರಿಯಿತ್ತು. ಸಕ್ರಿಯಗೊಳ್ಳದಿದ್ದರೆ ಹಾಡಿನ ನಟ್ಟನಡುವೆ ಮೌನ ತುರುಕುತ್ತೀರಿ ಎಂದು ಯಾವ ಪುಟದಲ್ಲಿ ಬರೆದಿದ್ದೀರಿ, ಸ್ವಾಮಿ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಏಕೆಂದರೆ ನಮ್ಮ ಕಸುಬಿನಲ್ಲಿ ಪ್ರವೇಶದ ಹಾಡು ನಡುವೆ ನಿಂತರೆ ಒಂದೇ ಅರ್ಥ: ನುಗ್ಗಿ, ಹೊಡೆಯಿರಿ.

ಗೆಂಜಿ ಅಖಾಡದ ಮೆಟ್ಟಿಲಿಗೆ ಕಾಲಿಟ್ಟಾಗ ಹಾಡು ನಿಂತಿತು. ನಮ್ಮ ತಂಡದಲ್ಲೇ ಎದುರು ಬಣವಾಗಿ ಆಡುವವರು ಪರದೆ ಸರಿಸಿ ನುಗ್ಗಿದರು. ಮಡಚುವ ಕುರ್ಚಿ ಬೆನ್ನಿಗೆ ಬಿತ್ತು, ಇನ್ನೊಂದು ಹಣೆಗೆ. ರಕ್ತ ಮುಂದಿನ ಸಾಲಿನವರ ಅಂಗಿಗೂ ಸಿಡಿಯಿತು. ನಾನು ಮೇಜು ಹಾರಿ ಓಡಿ, ಸಿಕ್ಕವನ ಜುಟ್ಟು ಹಿಡಿದು ಬಾಯಿಗೆ ಗುದ್ದಿದೆ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಗುದ್ದು ತಿಂದು, ನನ್ನ ಮುಖ ಕಂಡು ಹಿಂಜರಿದ ಎದುರು ಬಣದ ಹುಡುಗ ತಕೆಹಿಸಾನಿಗೆ ಗೆಂಜಿ ನೆಲದಿಂದಲೇ ಗದರಿದರು: "ಯಾಕೋ ನಿಲ್ಲಿಸ್ದೆ? ಎತ್ತಿ ಹಾಕೋ. ಜನ ನೋಡ್ತಿದಾರೆ."

ಅವನು ಎತ್ತಿ ಹಾಕಿದ.

"ಹಾಡು ನಿಂತೋಯ್ತಲ್ಲ ಅತ್ತಿಗೆ," ತಕೆಹಿಸಾ ಒಡೆದ ತುಟಿಯಲ್ಲೇ ಆಸ್ಪತ್ರೆಯ ನೆಲದ ಮೇಲೆ ಕೂತು ಅತ್ತ. "ನೀವೇ ಸನ್ನೆ ಕೊಟ್ರಿ ಅನ್ಕೊಂಡ್ವಿ."

ಅವನದೇನೂ ತಪ್ಪಿಲ್ಲ. ನಿಮ್ಮ ಕಚೇರಿಯ ಕುರ್ಚಿ ಮಡಚಲು ಬರುತ್ತದೆಯೇ? ಬರದಿದ್ದರೂ ಚಿಂತೆಯಿಲ್ಲ. ಹಾಗೇ ಎತ್ತಿ ನಿಮ್ಮ ಬೆನ್ನ ಮೇಲೆ ಹಾಕುವಷ್ಟು ಕಸುವು ನನ್ನ ತೋಳಿನಲ್ಲಿದೆ, ಬಯಕೆ ಅದಕ್ಕಿಂತ ಹೆಚ್ಚಿದೆ.

ಗೆಂಜಿಯ ಎಡಗೈ ಈಗ ಆಡುವುದಿಲ್ಲ. ಎಚ್ಚರವಾದಾಗ ನನ್ನನ್ನು ಹತ್ತಿರ ಕರೆದರು. "ಸುಮ್ನೆ ಕೈ ಬೀಸಿ ಹೋಗೋದು ನನ್ನಿಂದ ಆಗ್ತಿರ್ಲಿಲ್ಲ ಕಣೆ," ಎಂದರು. "ನಿಂಗೆ ಅದು ಗೊತ್ತಾಯ್ತಲ್ಲ. ಅಷ್ಟು ಸಾಕು." ಆ ದಾಳಿ ನಾನು ಕೊಟ್ಟ ಉಡುಗೊರೆಯೆಂದು ಅವರು ನಂಬಿದ್ದಾರೆ.

ಪರಿಹಾರ ಬೇಡ, ಕ್ಷಮೆಯೂ ಬೇಡ. ನೀವೇ ಬಂದು, ಅವರ ಹಾಸಿಗೆಯ ಪಕ್ಕ ನಿಂತು, ಆ ಮೌನ ಯಾರದೆಂದು ಹೇಳಿ. ದಿನಾ ಬೆಳಿಗ್ಗೆ ಹೇಳಿಬಿಡಬೇಕೆಂದು ಹೋಗುತ್ತೇನೆ, ಗಂಜಿ ಕುಡಿಸಿ ಎದ್ದು ಬರುತ್ತೇನೆ. ಈ ಪತ್ರದ ಪ್ರತಿಯನ್ನು ಇಂದೇ ನಿಮಗೆ ಕಳಿಸಿದ್ದೇನೆ. ಶನಿವಾರ ಇದು ಕುಸ್ತಿ ವಾರಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಮತ್ತು ಆ ಪತ್ರಿಕೆಯನ್ನು ಗೆಂಜಿ ಒಂದು ವಾರವೂ ಬಿಟ್ಟವರಲ್ಲ. ಅದಕ್ಕೆ ಮುಂಚೆ ಬನ್ನಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಇಂದಿಗೂ ಸಕ್ರಿಯಗೊಳ್ಳದ ಗ್ರಾಹಕಿ,
ವಾಶಿಯೊ ತಮಾಕಿ