ಜೂನ್ ಒಂದರ ಮಕ್ಕಳು

ಮಂಗಲಪೇಟ, ಬೀದರ
14 ಜುಲೈ 2024, ಭಾನುವಾರ

ಪ್ರಿಯ ಜೆನಿಫರ,

ಕರ್ತನ ನಾಮದಲ್ಲಿ ನಿನಗೆ ನಿನ್ನ ಅತ್ತೆಯ ವಂದನೆ. ನಾನು ಆರಾಮವಾಗಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರ ಕಳೆಯಿತು. ಕಣ್ಣಿನ ಪೊರೆ ತೆಗೆಸಿದ್ದರಿಂದ ಬರೆಯಲಾಗಲಿಲ್ಲ ಎಂದು ನಿನ್ನ ಅಪ್ಪ ಮಾರ್ಕನಿಗೆ ಹೇಳಿದ್ದೇನೆ. ತಮ್ಮನಲ್ಲವೇ, ನಂಬಿದ. ನೀನು ನಂಬಬೇಡ. ಪೊರೆ ತೆಗೆದ ನಾಲ್ಕನೇ ದಿನಕ್ಕೆ ನಾನು ಪೇಪರು ಓದುತ್ತಿದ್ದೆ. ತಡವಾದದ್ದು ನಿನ್ನ ನಾಲ್ಕನೇ ಪ್ರಶ್ನೆಯಿಂದ, ಅದಕ್ಕೆ ಕ್ಷಮೆ ಇರಲಿ.

ಪ್ರಶ್ನೆಗಳಿಗೆ ಸಂಖ್ಯೆ ಹಾಕಿ, ಕೆಳಗೆ ಕೆಂಪು ಗೆರೆ ಎಳೆದು ಕಳಿಸಿದ್ದೀಯ. ನೌಕರಿಗೆ ಸೇರಿ ತಿಂಗಳು ತುಂಬುವ ಮೊದಲೇ ಅತ್ತೆಗೆ ಪರೀಕ್ಷೆ ಇಡುವಷ್ಟು ದೊಡ್ಡ ಟೀಚರ್ ಆಗಿದ್ದೀಯ, ಸಂತೋಷ. ಮೊದಲ ಮೂರು ಪ್ರಶ್ನೆಗಳು ಸುಲಭ. ನಾಲ್ಕನೆಯದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಚಿಂತಾಕಿಯಿಂದ ಆಚೆಗಿರುವ ನಿನ್ನ ಶಾಲೆಯ ಊರಿನಲ್ಲಿ ಸಿದ್ದೇಶ್ವರಿ ಎಂಬ ಕುರಿ ಕಾಯುವ ಮನೆಯ ಹೆಣ್ಣುಮಗಳು ಇದ್ದಾಳೆ. ಮಗ ನಿನ್ನ ಬಳಿ ಎರಡನೇ ತರಗತಿ. ಮಗಳಿಗೆ ನಾಲ್ಕೂವರೆ ವರ್ಷ. ಆ ಮಗುವಿಗೆ ಒಂದು ವರ್ಷ ಹೆಚ್ಚು ಬರೆದು ಒಂದನೇ ತರಗತಿಗೆ ಹೆಸರು ಹಚ್ಚಿಕೊಳ್ಳಿ ಎಂದು ಅವಳು ದಿನಾ ಬಂದು ನಿಲ್ಲುತ್ತಾಳೆ. ಅಂಗನವಾಡಿ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಅವಳು ಕುರಿಗಳ ಹಿಂದಿನಿಂದ ಬರುವುದು ಹೊತ್ತು ಮುಳುಗಿದ ಮೇಲೆ. ನಿಮ್ಮ ಮುಖ್ಯಗುರುಗಳು ಅಮೋಲ್ ಸರ್, ತಂದೆತಾಯಿಯ ಹೇಳಿಕೆ ಬರೆಸಿಕೊಂಡು ಹಚ್ಚಿಬಿಡಿ ಎನ್ನುತ್ತಾರೆ. ಎರಡು ಹೆಸರು ಕಡಿಮೆ ಬಿದ್ದರೂ ಶಾಲೆಯ ಒಂದು ಹುದ್ದೆ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ. ಈ ತಿಂಗಳ ಕೊನೆಯೊಳಗೆ ನೀನು ಬರೆಯಬೇಕು, ಇಲ್ಲವೇ ಬರೆಯುವುದಿಲ್ಲ ಎನ್ನಬೇಕು. ಮತ್ತು ಅಮೋಲ್ ಸರ್ ಹೇಳಿದರು ಎಂದು ನೀನು ಬರೆದ ಮಾತು: "ನಿಮ್ಮತ್ತಿ ಹೆಲೆನ ಬಾಯಾರೂ ಹಿಂಗೇ ಬರೀತಿದ್ರರೀ. ನಾ ಅವರ ಕೈಕೆಳಗೇ ನೌಕರಿ ಸುರು ಮಾಡ್ದಾಂವ. ಬೇಕಾದ್ರ ಅವರಿಗೇ ಕೇಳ್ರಿ."

ಕೇಳಿದ್ದೀಯ. ಕೊನೆಗೆ ಹೇಳುತ್ತೇನೆ.

ಒಂದರಿಂದ ಮೂರನೇ ತರಗತಿಯವರೆಗೆ ಮೂವತ್ತೊಂದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಹೇಗೆ ಹಿಡಿದಿಡುವುದು ಎಂದು ಕೇಳಿದ್ದೀಯ. ಹಿಡಿದಿಡಬೇಡ. ನಲಿಕಲಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರಬೇಕೆಂದು ಇರುವುದು ನಿನಗೆ ಉಸಿರಾಡಲು. ನೀನು ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತರೆ ಉಳಿದವರ ಕೈಯಲ್ಲಿ ಕೆಲಸ ಇರಬೇಕು, ಅಷ್ಟೇ. ಆ ಕೆಲಸವನ್ನು ಹಿಂದಿನ ದಿನ ಸಂಜೆಯೇ ಎತ್ತಿಟ್ಟು ಬಾ. ಮುಂಜಾನೆ ಬಂದು ಕಾರ್ಡು ಹುಡುಕುವ ಟೀಚರನ್ನು ಮಕ್ಕಳು ಎರಡು ನಿಮಿಷದಲ್ಲಿ ಅಳೆದುಬಿಡುತ್ತಾರೆ. ಗದ್ದಲವಾದರೆ ಕೂಗಬೇಡ. ನೀನು ದನಿ ಏರಿಸಿದಷ್ಟೂ ಅವರು ಏರಿಸುತ್ತಾರೆ, ಅವರು ಮೂವತ್ತೊಂದು ಜನ, ನೀನು ಒಬ್ಬಳು. ಪಿಸುಮಾತಿನಲ್ಲಿ ಕತೆ ಶುರು ಮಾಡು. ಮುಂದಿನ ಸಾಲಿನವರು ಹಿಂದಿನವರಿಗೆ ತಾವೇ ಗದರುತ್ತಾರೆ.

ದಿನಕ್ಕೊಮ್ಮೆ ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಂತು ಪಾಠ ಮಾಡು. ಬೋರ್ಡಿನ ಮೇಲೆ ನೀನು ಬರೆದದ್ದು ಅಲ್ಲಿಂದ ಕಾಣುತ್ತದೆಯೇ ಎಂದು ಆಗ ಗೊತ್ತಾಗುತ್ತದೆ. ನಾನು ಆರು ವರ್ಷ ಹಿಂದಿನ ಸಾಲಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಬರೆದೆ, ಯಾರೂ ಹೇಳಲಿಲ್ಲ. ಟೀಚರಿಗೆ ಯಾರು ಹೇಳುತ್ತಾರೆ!

ಸಾಮಾನು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ, ನಿನ್ನ ಊರಿನಲ್ಲೇ. ಔರಾದದ ಅಂಗಡಿಯಲ್ಲಿ ಪ್ಲಾಸ್ಟಿಕ್ ಮಣಿಚೌಕಟ್ಟು ಕೊಳ್ಳಬೇಕು ಎಂದು ಬರೆದಿದ್ದೀಯಲ್ಲ, ಬೇಡ. ತೊಗರಿ ಕಟ್ಟಿಗೆ ಎಲ್ಲರ ಹಿತ್ತಿಲಲ್ಲೂ ಬಿದ್ದಿರುತ್ತದೆ. ಮಕ್ಕಳಿಂದಲೇ ತರಿಸು, ಬೆರಳುದ್ದಕ್ಕೆ ಮುರಿಸು, ಹತ್ತತ್ತು ಸೇರಿಸಿ ದಾರದಿಂದ ಕಟ್ಟಿಸು. ಕಟ್ಟು ಬಿಚ್ಚಿ ಕಳೆಯುವುದನ್ನು ಒಮ್ಮೆ ಕೈಯಿಂದ ಮಾಡಿದ ಮಗು ಎರವಲು ಪಡೆಯುವ ಲೆಕ್ಕದಲ್ಲಿ ಮತ್ತೆ ಎಡವುವುದಿಲ್ಲ. ಬೆರಳಿಗಿಂತ ಉದ್ದ ಬೇಡ. ಉದ್ದ ಇದ್ದರೆ ಟೀಚರ ಕೈ ಅದನ್ನು ಬೇರೆ ಕೆಲಸಕ್ಕೆ ಎತ್ತುತ್ತದೆ, ನನ್ನ ಕೈ ಎತ್ತಿದೆ. ಹುಣಸೆಬೀಜ, ಹಳೆಯ ಕ್ಯಾಲೆಂಡರು, ಬಿಸ್ಕತ್ತಿನ ಹಾಳೆ ಯಾವುದನ್ನೂ ಎಸೆಯಬೇಡ. ಕ್ಯಾಲೆಂಡರಿನ ಅಂಕಿಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಒಂದು ವರ್ಷಕ್ಕೆ ಸಾಕು.

ಮರಾಠಿ ಮಾತಾಡುವ ಮನೆಯ ಮಕ್ಕಳು ಬಾಯಿ ತೆಗೆಯುವುದಿಲ್ಲ ಎಂದು ನಿನಗೆ ಚಿಂತೆ. ಅವರು ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ, ಹೋಗಿ ನೋಡು. ಮೊದಲ ತಿಂಗಳು ಅವರ ಮಾತಿನಲ್ಲೇ ಉತ್ತರ ಹೇಳಲಿ, ನೀನು ಅದನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳು, ತಿದ್ದಬೇಡ. ನೀರಿಗೆ, ರೊಟ್ಟಿಗೆ, ಅಮ್ಮನಿಗೆ, ಹೊಟ್ಟೆನೋವಿಗೆ ಅವರ ಶಬ್ದಗಳನ್ನು ಕಲಿತುಕೋ. ದಖ್ಖನಿ ಉರ್ದುವಿನವೂ ನಾಲ್ಕು ಇರಲಿ. ಹೊಟ್ಟೆನೋವು ಎಂದು ಹೇಳಲು ಭಾಷೆ ಸಿಗದ ಮಗು ಆ ದಿನ ಏನೂ ಕಲಿಯುವುದಿಲ್ಲ.

ಬಿಸಿಯೂಟದ ಅಡುಗೆಯ ಕಾಂತಾಬಾಯಿಯ ಸ್ನೇಹ ಮಾಡಿಕೋ. ನೀನು ಅವಳ ಬಗ್ಗೆ ಒಂದೇ ಸಾಲು ಬರೆದಿದ್ದೀಯ, ಅದೂ ಬೇಳೆ ತೆಳ್ಳಗಿರುತ್ತದೆ ಎಂದು. ಯಾವ ಮಗು ಮನೆಯಲ್ಲಿ ಉಣ್ಣದೆ ಬಂದಿದೆ, ಯಾರ ಮನೆಯಲ್ಲಿ ಜಗಳವಾಗಿದೆ, ಯಾವ ಹುಡುಗಿ ಮುಂದಿನ ತಿಂಗಳು ಕೆಲಸಕ್ಕೆ ಹೊರಟಿದ್ದಾಳೆ, ಇದೆಲ್ಲ ಬಡಿಸುವ ಕೈಗೆ ಮೊದಲು ತಿಳಿಯುತ್ತದೆ. ನನ್ನ ಶಾಲೆಯ ಅಡುಗೆಯವಳು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಬಾಯಾರ, ಆ ಪೋರಗ ಲೆಕ್ಕ ಬರ್ಲಿಲ್ಲಂತ ಬಡೀಬ್ಯಾಡ್ರಿ. ಅವಂಗ ಬೋರ್ಡ್ ಕಾಣಂಗಿಲ್ಲ. ತಾಟಿನ್ಯಾಗಿನ ಉಪ್ಪು ಹುಡುಕಲಾಕ ಕೈ ಆಡಿಸ್ತಾನ್ರಿ" ಎಂದಳು. ವರ್ಷವಿಡೀ ನಾನು ಅವನನ್ನು ದಡ್ಡ ಎಂದುಕೊಂಡಿದ್ದೆ.

ಇನ್ನು ನಾಲ್ಕನೆಯದು. ಬರೆಯಬೇಡ.

ಬರೆಯಬೇಡ, ಆದರೆ ಆ ಮಗುವನ್ನು ವಾಪಸು ಕಳಿಸಲೂ ಬೇಡ. ಅಂಗನವಾಡಿಯಲ್ಲಿ ಹೆಸರು ಹಾಗೇ ಇರಲಿ. ಅಲ್ಲಿಯ ಕಾರ್ಯಕರ್ತೆಗೆ ಹೇಳಿ, ಅದು ಮುಗಿದ ಮೇಲೆ ಅಣ್ಣನ ಪಕ್ಕಕ್ಕೆ ಕೂಡಿಸಿಕೋ. ಗೀಚಲು ಒಂದು ಪಾಟಿ ಕೊಡು, ಆಡಲು ಹುಣಸೆಬೀಜ ಕೊಡು, ನಿದ್ದೆ ಬಂದರೆ ಮಲಗಲಿ. ಸಿದ್ದೇಶ್ವರಿಗೆ ಬೇಕಾಗಿರುವುದು ಮಗಳಿಗೊಂದು ನೆರಳು, ರಿಜಿಸ್ಟರಿನ ಸಾಲಲ್ಲ. ಶಾಲೆ ಬಿಟ್ಟ ಮೇಲೆ ಹೊತ್ತು ಮುಳುಗುವವರೆಗೆ ಅಣ್ಣನ ಜೊತೆ ಯಾರ ಮನೆಯ ಕಟ್ಟೆಯ ಮೇಲೆ ಇರಬೇಕು ಎಂಬುದನ್ನು ಕಾಂತಾಬಾಯಿಯನ್ನು ಕೇಳು, ಅವಳು ಹಾದಿ ತೋರಿಸುತ್ತಾಳೆ. ಹೆರಿಗೆ ಎಲ್ಲಾಯಿತು ಎಂದು ತಾಯಿಯನ್ನು ವಿಚಾರಿಸು. ಆಸ್ಪತ್ರೆಯಲ್ಲಾಗಿದ್ದರೆ ತಾಯಿ ಕಾರ್ಡಿನಲ್ಲಿ ತಾರೀಕು ಇರುತ್ತದೆ, ಮನೆಯಲ್ಲಾಗಿದ್ದರೂ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇರಬಹುದು. ಆ ಕಾಗದ ಹಿಡಿದು ಜನನ ಪ್ರಮಾಣಪತ್ರ ಮಾಡಿಸಿಕೊಡು. ಒಂದೆರಡು ಸಲ ಔರಾದದ ಕಚೇರಿಗೆ ಅಲೆಯಬೇಕಾಗುತ್ತದೆ, ಅಲೆ. ವಯಸ್ಸು ತುಂಬಿದ ವರ್ಷ ಹೆಸರು ಹಚ್ಚು. ಅಮೋಲ್ ಸರ್ ಯಾಕೆ ಎಂದು ಕೇಳಿದರೆ, ನಿಯಮ ಎಂದು ಹೇಳು.

ನಿನ್ನ ಅಪ್ಪ ಮುಂದಿನ ಭಾನುವಾರ ಆರಾಧನೆ ಮುಗಿಸಿ ಔರಾದಕ್ಕೆ ನಿನ್ನ ಕೋಣೆಗೆ ಬರುತ್ತಾನೆ. ಅವನ ಕೈಯಲ್ಲಿ ಈ ಪತ್ರ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಎರಡು ಹಳೆಯ ಕ್ಯಾಲೆಂಡರು ಕಳಿಸುತ್ತೇನೆ. ಸಂತಪುರದ ತಿರುವಿನಲ್ಲಿ ಬಸ್ಸಿನ ಬಾಗಿಲಲ್ಲಿ ನಿಲ್ಲಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಕರ್ತನು ನಿನ್ನ ಕೈಗೂ ಆ ಮೂವತ್ತೊಂದು ಮಕ್ಕಳ ಕೈಗೂ ಬಲ ಕೊಡಲಿ.

ನಿನ್ನ ಅತ್ತೆ,
ಹೆಲೆನ

ಮಂಗಳವಾರ, 16 ಜುಲೈ

ಸಹಿ ಮಾಡಿದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ನಿಯಮ ಎಂದು ಬರೆದು ಜಾರಿಕೊಂಡೆ. ಎರಡು ದಿನದಿಂದ ಪತ್ರ ಮೇಜಿನ ಮೇಲೆ ಇದೆ, ಲಕೋಟೆಗೆ ಹಾಕಲು ಮನಸ್ಸಾಗುತ್ತಿಲ್ಲ.

ಅಮೋಲ್ ಸರ್ ಹೇಳಿದ್ದು ನಿಜ. ನಾನೂ ಹಾಗೇ ಬರೆಯುತ್ತಿದ್ದೆ. ಭಾಲ್ಕಿ ತಾಲೂಕಿನ ನನ್ನ ಶಾಲೆಯಲ್ಲಿ 2001ರಲ್ಲಿ ಒಂದನೇ ತರಗತಿಗೆ ಬಂದ ಇಪ್ಪತ್ತೆರಡು ಮಕ್ಕಳಲ್ಲಿ ಹದಿನೇಳು ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ತಾರೀಕು ಗೊತ್ತಿಲ್ಲದ ಮಗುವಿಗೆ ನಾವೆಲ್ಲ ಜೂನ್ ಒಂದು ಎಂದು ಬರೆಯುತ್ತಿದ್ದೆವು, ಶಾಲೆಗೆ ಸೇರಿಸಲು ವಯಸ್ಸು ಸರಿಹೊಂದುವಂತೆ ವರ್ಷ ಹಾಕುತ್ತಿದ್ದೆವು. ಊರಿಗೆ ಊರೇ ಒಂದೇ ದಿನ ಹಡೆದಿದೆ ಎಂದು ನಗುತ್ತಿದ್ದೆವು. ಅದನ್ನು ಯಾರೂ ತಪ್ಪು ಎಂದುಕೊಂಡಿರಲಿಲ್ಲ.

ಆ ವರ್ಷ ಬಕ್ಕಪ್ಪನ ಹೆಂಡತಿ ಲಲಿತಾಬಾಯಿ ಮಗ ಹಣಮಂತನ ಜೊತೆ ಮಗಳು ಸುಜಾತಾಳನ್ನೂ ಕರೆತಂದಳು. ಅವರದೂ ಕುರಿಗಳ ಮನೆ. "ಅಣ್ಣನ ಜೋಡಿ ಕೂಡ್ತಾಳ್ರಿ ಬಾಯಾರ. ನಾ ಕುರಿ ಹಿಂದ ಹೋದ್ರ ಇಕಿನ್ನ ಎಲ್ಲಿ ಬಿಡಲ್ರಿ?" ಎಂದಳು. ಹುಡುಗಿ ಹಿಂದಿನ ಜೋಳದ ರಾಶಿಯ ಕಾಲಕ್ಕೆ ನಾಲ್ಕು ತುಂಬಿದವಳು. ನಾನು ಆರು ತುಂಬಿದೆ ಎಂದು ಬರೆದೆ, 1-6-1995. ಪುಣ್ಯದ ಕೆಲಸ ಮಾಡಿದೆನೆಂದು ಆ ದಿನ ನನಗೆ ಸಂತೋಷವಾಗಿತ್ತು. ಆ ಮಗು ಒಂದು ವರ್ಷ ನನ್ನ ತೊಡೆಯ ಮೇಲೆ ಕೂತೇ ಅಕ್ಷರ ಕಲಿಯಿತು. ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಚುರುಕು.

2013ರ ಜೂನ್ ಎರಡನೇ ವಾರ ಅವಳು ಶಾಲೆಗೆ ಬಂದಳು. ಪಿಯುಸಿ ಆಗಿತ್ತು, ನನ್ನ ಹಾಗೆ ಟೀಚರ್ ಆಗಬೇಕೆಂದು ಡಿ.ಎಡ್. ಅರ್ಜಿ ತುಂಬಿದ್ದಳು. ಮರುದಿನ ಅವಳ ಮದುವೆ. "ನಂಗಿನ್ನ ಹದಿನಾರ್ರಿ ಬಾಯಾರ. ನಾ ಒಲ್ಲೆಂದ್ರೂ ಯಾರೂ ಕೇಳವಲ್ರು. ನೀವರೆ ಹೇಳ್ರಿ" ಎಂದು ಅತ್ತಳು. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದವಳು ನಾನೇ. ರಿಜಿಸ್ಟರಿನ ನೆನಪು ಆಗ ನನಗೆ ಬರಲೇ ಇಲ್ಲ.

ಮಧ್ಯಾಹ್ನ ಒಬ್ಬ ಅಧಿಕಾರಿ ಬಾಯಿ ಬಂದರು, ಅವಳ ಅಪ್ಪ ಬಕ್ಕಪ್ಪನನ್ನೂ ಶಾಲೆಗೇ ಕರೆಸಿದರು. ನಾನೇ ಬೀರು ತೆಗೆದು ದಾಖಲಾತಿ ಪುಸ್ತಕ ಕೊಟ್ಟೆ. ಅವರು ಬೆರಳಿಟ್ಟು ಓದಿ, "ಇದರ ಪ್ರಕಾರ ಹದಿನೆಂಟು ತುಂಬಿ ಹತ್ತ ದಿನ ಆಗ್ಯಾವಲ್ರೀ. ಇದು ನಿಮ್ಮ ಅಕ್ಷರ ಏನ್ರಿ? ತಾರೀಕು ಖರೇ ಅದ?" ಎಂದರು. ಸುಜಾತಾ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ನಾನು ಹೇಳುತ್ತೇನೆಂದು ಅವಳಿಗೆ ಧೈರ್ಯವಿತ್ತು. ನನ್ನ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಸುಳ್ಳು ಬರೆದೆನೆಂದು ಒಪ್ಪಿಕೊಂಡರೆ ವಿಚಾರಣೆ, ಅಮಾನತು, ಉಳಿದ ಹದಿನಾರು ಮಕ್ಕಳ ಮಾತೂ ಏಳುತ್ತದೆ ಎಂದು ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು.

"ಹೌದ್ರಿ, ಖರೇ ಅದ" ಎಂದೆ.

ಅಧಿಕಾರಿ ಬಾಯಿ ಅಷ್ಟನ್ನು ಬರೆದುಕೊಂಡು ನನ್ನ ಸಹಿ ಪಡೆದು ಹೋದರು. ಮದುವೆ ಮರುದಿನ ನಡೆಯಿತು. ಡಿ.ಎಡ್. ಅಲ್ಲಿಗೇ ನಿಂತಿತು. ಮೊದಲ ಹೆರಿಗೆ ಹದಿನೇಳಕ್ಕೆ, ಕೂಸು ಉಳಿಯಲಿಲ್ಲ. ಈಗ ಇಬ್ಬರು ಮಕ್ಕಳಿದ್ದಾರೆ, ಭಾಲ್ಕಿಯಲ್ಲಿ ಇದ್ದಾಳೆ. ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು, "ಆರಾಮ ಇದ್ದೀರೇನ್ರಿ ಬಾಯಾರ?" ಎಂದು ಕೇಳುತ್ತಾಳೆ. ಅಷ್ಟು ಕೇಳಿ ಮುಂದೆ ನಡೆಯುತ್ತಾಳೆ. ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ, ಜೆನಿ.

ಹನ್ನೊಂದು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ ಗೊತ್ತಿಲ್ಲ. ಅಮೋಲ್ ಸರ್ ಮತ್ತೆ ಒತ್ತಾಯ ಮಾಡಿದರೆ ನೀನು ವಾದ ಮಾಡಬೇಡ. ಈ ಹಾಳೆಯನ್ನು ಅವರ ಮುಂದೆ ಇಟ್ಟು, ಅತ್ತೆಯನ್ನು ಕೇಳಿದೆ, ಅವರು ಹೀಗೆ ಬರೆದಿದ್ದಾರೆ ಎಂದು ಹೇಳು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ, ಅದನ್ನು ಬೆರಳಿನಿಂದ ಮುಚ್ಚಬೇಡ.

ಹೆಲೆನ ಸಾಲೊಮನ್
ನಿವೃತ್ತ ಮುಖ್ಯಶಿಕ್ಷಕಿ